ಎರಡು ಡಬ್ಬಿ ಕಾಕ್

ಚಿಕ್ಕಪ್ಪ ಸ್ಕೂಟರಿನ ಸೀಟು ಎತ್ತಿದ ಕೂಡಲೇ ಒಳಗಿನ ಬಿಸಿ ವೆನಿಂಗಳ ಮುಖಕ್ಕೆ ರಾಚಿತು.

"ಅಬ್ಬಬ್ಬಾ! ಇದರೊಳಗೆ ಅಕ್ಕಿ ನೀರು ಹಾಕಿಟ್ಟಿದ್ರೆ ಇಷ್ಟೊತ್ತಿಗೆ ಅನ್ನ ಆಗಿರ್ತಿತ್ತು," ಎಂದು ತಾರ್ನೊ ಚಿಕ್ಕಪ್ಪ ನಕ್ಕ.

ವೆನಿಂಗ್ ನಗಲಿಲ್ಲ. ಸೀಟಿನ ಕೆಳಗೆ, ಮಡಚಿದ ರೇನ್‌ಕೋಟು ಮತ್ತು ಸ್ಪ್ಯಾನರಿನ ನಡುವೆ, ಎರಡು ಉದ್ದನೆಯ ರಟ್ಟಿನ ಡಬ್ಬಿಗಳು ಮಲಗಿದ್ದವು. ಒಂದೊಂದರಲ್ಲೂ ಹನ್ನೆರಡು ಕಾಕ್. ನಾಳೆಯ ಶಟಲ್ ಬ್ಯಾಡ್ಮಿಂಟನ್ ಫೈನಲ್ ಮ್ಯಾಚಿನ ಗರಿ ಕಾಕ್. ಒಂದು ಡಬ್ಬಿಯನ್ನು ಮುಟ್ಟಿದವಳು ಬೆರಳು ಹಿಂದಕ್ಕೆಳೆದುಕೊಂಡಳು.

"ಚಿಕ್ಕಪ್ಪಾ, ನಾವು ಮೈದಾನದಲ್ಲಿ ಎಷ್ಟು ಹೊತ್ತು ನಿಂತಿದ್ವಿ?"

"ಹತ್ತು ನಿಮಿಷ."

"ಹತ್ತು ನಿಮಿಷಾನಾ? ಬಂದಾಗ ಹನ್ನೊಂದು ಗಂಟೆ. ಈಗ ಮಸೀದೀಲಿ ಮಧ್ಯಾಹ್ನದ ಬಾಂಗ್ ಆಗೇ ಎಷ್ಟೊತ್ತಾಯ್ತು!"

"ಹಂಗಾದ್ರೆ ಹತ್ತಕ್ಕಿಂತ ಸ್ವಲ್ಪ ಜಾಸ್ತಿ," ಎಂದ ಚಿಕ್ಕಪ್ಪ.

ನಾಳೆ ಆಗಸ್ಟ್ ಹದಿನೇಳು, ಅವರ ದೇಶದ ಸ್ವಾತಂತ್ರ್ಯದ ದಿನ. ಮೈದಾನದಲ್ಲಿ ಎಣ್ಣೆ ಸವರಿದ ಕಂಬ ಹತ್ತುವ ಆಟಕ್ಕೆ ಅಡಿಕೆ ಕಂಬ ನೆಡುತ್ತಿದ್ದರು. ಯಾರಾದರೂ ಕೆಲಸ ಮಾಡುತ್ತಿದ್ದರೆ ಪಕ್ಕದಲ್ಲಿ ನಿಂತು ಸಲಹೆ ಕೊಡದೆ ಚಿಕ್ಕಪ್ಪನಿಗೆ ತಿಂದ ಅನ್ನ ಅರಗುವುದಿಲ್ಲ. ಎಡಕ್ಕೆ, ಬಲಕ್ಕೆ, ಇನ್ನೊಂಚೂರು ಎಡಕ್ಕೆ ಎನ್ನುತ್ತ ಎರಡು ಗಂಟೆ ಕಳೆದಿದ್ದ. ವೆನಿಂಗ್ ಕೂಡ ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತಿದ್ದಳು. ಸ್ಕೂಟರು ಮಾತ್ರ ಉರಿ ಬಿಸಿಲಿನಲ್ಲಿತ್ತು.

ಬೆಳಿಗ್ಗೆ ಅಜ್ಜಿ ಹೇಳಿದ್ದು ಮೂರೇ ಮಾತು. "ತೊಡೆ ಮೇಲೆ ಇಟ್ಕೊಂಡು ಬಾ. ಬಿಸಿಲು ತಾಗಿಸ್ಬೇಡ. ನೆಟ್ಟಗೆ ಮನೆಗೆ ಬಾ."

ಮೂರರಲ್ಲಿ ಮೂರೂ ತಪ್ಪಿತ್ತು. ದಾರಿಯಲ್ಲಿ ಚಿಕ್ಕಪ್ಪ ಕಾಗದದ ಬಾವುಟಗಳ ಕಟ್ಟು ಕೊಂಡಿದ್ದ. ಕೆಂಪು ಬಿಳಿ ಬಾವುಟಗಳನ್ನು ಎರಡೂ ಕೈಯಲ್ಲಿ ಹಿಡಿದು ಗಾಳಿಗೆ ಪಟಪಟ ಅನ್ನಿಸುತ್ತ ಬರಬೇಕು ಎಂದು ವೆನಿಂಗಳಿಗೆ ಆಸೆಯಾಯಿತು. ಡಬ್ಬಿಗಳನ್ನು ಸೀಟಿನ ಕೆಳಗೆ ಹಾಕಿದ್ದು ಅವಳೇ. ಯಾರೂ ಹೇಳಿರಲಿಲ್ಲ.

ವೆನಿಂಗಳ ಅಜ್ಜಿಯ ಹೆಸರು ಸುಮಿನೆಮ್. ಸೋಲೋ ಊರಿನ ಅವರ ಬಡಾವಣೆಯಲ್ಲಿ ಎಂಟು ಕೇರಿ, ಎಂಟು ಕೇರಿಗೂ ಒಂದೊಂದು ಶಟಲ್ ತಂಡ. ಎಂಟು ತಂಡಗಳೂ ಜಗಳವಾಡದೆ ಒಪ್ಪಿಕೊಳ್ಳುತ್ತಿದ್ದ ವಿಷಯ ಒಂದೇ: ಫೈನಲ್ಲಿನ ಕಾಕ್ ಸುಮಿನೆಮ್ ಅಜ್ಜಿಯ ಮನೆಯಿಂದಲೇ ಬರಬೇಕು.

ಅಜ್ಜಿ ಮೂವತ್ತೊಂದು ವರ್ಷ ಕಾಕ್ ಮಾಡುವ ಕಾರ್ಖಾನೆಯಲ್ಲಿ ಬಾತುಕೋಳಿ ಗರಿಗಳನ್ನು ಆರಿಸುತ್ತಿದ್ದವಳು, ಒಂದು ಕಾಕ್‌ಗೆ ಹದಿನಾರು ಗರಿಯಂತೆ. ಗರಿಗೆ ಏನಾಗಿದೆ ಎಂದು ಅವಳಿಗೆ ಗೊತ್ತಾಗುವಷ್ಟು ಬೇಗ ಡಾಕ್ಟರಿಗೆ ಜ್ವರ ಗೊತ್ತಾಗುವುದಿಲ್ಲ. ಕಾಕ್ ಡಬ್ಬಿಗಳನ್ನು ಅವಳು ಅಡುಗೆಮನೆಯಲ್ಲಿ, ಮಣ್ಣಿನ ನೀರಿನ ಬಾನಿಯ ಪಕ್ಕದ ಗೂಡಿನಲ್ಲಿ ಇಡುತ್ತಿದ್ದಳು. ಅಲ್ಲಿ ಸುಡು ಮಧ್ಯಾಹ್ನದಲ್ಲೂ ತಂಪು. ಆಗಸ್ಟಿನ ಮುಂಜಾನೆ ಒಣ ಚಳಿ ಬಿದ್ದು ತುಟಿ ಒಡೆಯುವಾಗಲೂ ಅಲ್ಲಿ ಒಂಚೂರು ತೇವ ಇರುತ್ತಿತ್ತು. ಅವರ ನಾಲ್ಕನೇ ಕೇರಿಯ ತಂಡದಲ್ಲಿ ಆಡುವ ಎಂಡಾ ಚಿಕ್ಕಮ್ಮ ತನ್ನ ರಾಕೆಟ್ಟನ್ನೂ ಸ್ವಂತ ಮನೆಯಲ್ಲಿ ಇಡದೆ ಅಜ್ಜಿಯ ಮನೆಯ ಒಳಗೋಡೆಗೆ ನೇತುಹಾಕುತ್ತಿದ್ದಳು. "ನಮ್ಮನೆ ತಗಡಿನ ಮಾಡು. ಮಧ್ಯಾಹ್ನ ಒಲೆ ಮೇಲೆ ಕೂತಂಗಿರತ್ತೆ. ಗಟ್ ದಾರ ಎಲ್ಲಾ ಸಡಿಲ ಆಗ್ಬಿಡತ್ತೆ," ಎನ್ನುತ್ತಿದ್ದಳು.

ಕಾರ್ಖಾನೆಯಿಂದ ಕಾಕ್ ತರುವುದಕ್ಕೆ ಪ್ರತಿವರ್ಷ ಅಜ್ಜಿಯೇ ಹೋಗುತ್ತಿದ್ದಳು. ಈ ಸಲ ಮಂಡಿ ನೋವು. "ವೆನಿಂಗ್ ತರ್ತಾಳೆ. ಹತ್ತು ವರ್ಷ ಆಯ್ತು ಅವಳಿಗೆ," ಎಂದಿದ್ದಳು. ಆ ಮಾತು ಕೇಳಿ ವೆನಿಂಗ್ ಎರಡು ದಿನ ನೆಲದ ಮೇಲೆ ಕಾಲೂರಿರಲಿಲ್ಲ.

ಮನೆಗೆ ಬಂದಾಗ ಅಜ್ಜಿ ಎದುರು ಮನೆಯ ಅಂಗಳದಲ್ಲಿದ್ದಳು. ಸಂಜೆ ಕೇರಿಯವರೆಲ್ಲ ಒಟ್ಟಿಗೆ ಕೂತು ಊಟ ಮಾಡುವ ದಿನ. ಹೆಂಗಸರೆಲ್ಲ ಸೇರಿ ಹಳದಿ ಅನ್ನದ ಗೋಪುರಕ್ಕೆ ತಯಾರಿ ನಡೆಸಿದ್ದರು. ಅಜ್ಜಿ ಅರಿಶಿನದ ಕೈ ಎತ್ತಿ ಕೂಗಿದಳು.

"ತಂದ್ಯಾ, ಮರಿ? ತೊಡೆ ಮೇಲೇನೇ ಇಟ್ಕೊಂಡಿದ್ಯಾ?"

"ಹ್ಞೂಂ," ಎಂದಳು ವೆನಿಂಗ್.

ಆ 'ಹ್ಞೂಂ' ಯೋಚನೆಗಿಂತ ಮೊದಲೇ ಬಾಯಿಂದ ಜಾರಿತ್ತು. ಹಿಂದಕ್ಕೆ ನುಂಗುವುದಕ್ಕೆ ಆಗಲಿಲ್ಲ.

"ನನ್ನ ಬಂಗಾರ! ಬಾನಿ ಪಕ್ಕ ಇಡು. ಸಂಜೆ ಬಂದು ನೋಡ್ತೀನಿ."

ವೆನಿಂಗ್ ಬಾನಿಯ ಪಕ್ಕ ಇಟ್ಟಳು. ಎರಡು ನಿಮಿಷ ನೋಡಿದಳು. ಮುಟ್ಟಿದರೆ ಡಬ್ಬಿ ಇನ್ನೂ ಬೆಚ್ಚಗೇ ಇತ್ತು. ಎರಡೂ ಡಬ್ಬಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಿತ್ತಲ ಬಾಗಿಲಿನಿಂದ ಪೂಜಿಯ ಮನೆಗೆ ಓಡಿದಳು.

ಪೂಜಿ ಅವಳ ಕ್ಲಾಸ್‌ಮೇಟ್. ಯಾವ ಕಷ್ಟಕ್ಕೂ ಅವಳ ಹತ್ತಿರ ಒಂದು ಐಡಿಯಾ ಇರುತ್ತಿತ್ತು. ಐಡಿಯಾ ಒಳ್ಳೆಯದೇ ಎಂದು ಮಾತ್ರ ಹೇಳುವ ಹಾಗಿರಲಿಲ್ಲ.

"ಬಿಸಿ ಆಗಿದ್ಯಾ? ಅಷ್ಟೇನಾ? ತಣ್ಣಗೆ ಮಾಡಿದ್ರೆ ಆಯ್ತು. ಅಮ್ಮನ ಫ್ರೀಜರ್ ಇದೆಯಲ್ಲ!"

ಪೂಜಿಯ ಅಮ್ಮ ಐಸ್ ಕ್ಯಾಂಡಿ ಮಾರುತ್ತಿದ್ದರು. ಪೆಟ್ಟಿಗೆಯಂಥ ದೊಡ್ಡ ಫ್ರೀಜರು. ಪೂಜಿ ಮುಚ್ಚಳ ಎತ್ತಿ, ಹೆಸರುಕಾಳಿನ ಕ್ಯಾಂಡಿಗಳನ್ನು ಅತ್ತ ತಳ್ಳಿ, ಘಾಟು ವಾಸನೆಯ ಡುರಿಯನ್ ಹಣ್ಣಿನ ಕ್ಯಾಂಡಿಗಳ ಮೇಲೆ ಡಬ್ಬಿಗಳನ್ನು ಮಲಗಿಸಿದಳು.

ಮೂರು ಗಂಟೆ ಬಿಟ್ಟು ತೆಗೆದರು. ಡಬ್ಬಿ ತಣ್ಣಗೆ ಕೊರೆಯುತ್ತಿತ್ತು.

"ನೋಡಿದ್ಯಾ? ಹೊಸದಾಗಿದೆ. ಒಂದೇ ಒಂದು ಟೆಸ್ಟ್ ಮಾಡೋಣ," ಎಂದು ಪೂಜಿ ತನ್ನ ಹಳೇ ರಾಕೆಟ್ ತಂದಳು.

ವೆನಿಂಗ್ ಒಂದು ಕಾಕ್ ತೆಗೆದು ಮೇಲಕ್ಕೆಸೆದಳು. ಪೂಜಿ ಬೀಸಿದಳು. ಟಕ್!

ಕಾಕ್ ಗಿರಗಿರನೆ ತಿರುಗುತ್ತ ಅಲ್ಲೇ ಕೆಳಗೆ ಬಿತ್ತು. ಮೂರು ಗರಿಗಳು ನಡುವಿನಲ್ಲಿ ಮುರಿದು ಜೋತಾಡುತ್ತಿದ್ದವು. ಒಂದು ತುಂಡು ನಿಧಾನವಾಗಿ ಹಾರಿ ಬಂದು ಪೂಜಿಯ ತಲೆಯ ಮೇಲೆ ಕೂತಿತು.

"ಒಂದೇ ಏಟಿಗಾ?" ಎಂದಳು ಪೂಜಿ ಮೆಲ್ಲಗೆ.

"ಮುಗೀತು," ಎಂದಳು ವೆನಿಂಗ್. ಅವಳ ಕಣ್ಣು ತುಂಬಿತ್ತು.

"ಕಾರ್ಖಾನೆಗೆ ಮತ್ತೆ ಹೋಗಿ ಬೇರೆ ತಂದ್ರೆ?"

"ಬಾಗಿಲು ಹಾಕಿರ್ತಾರೆ. ಇನ್ನು ಸೋಮವಾರಾನೇ ತೆಗೆಯೋದು."

"ಹಂಗಾದ್ರೆ ಹೇಳ್ಲೇಬೇಡ. ಕಾಕ್ ಅಂದ್ಮೇಲೆ ಮುರಿಯತ್ತಪ್ಪ. ಯಾರಿಗೆ ಗೊತ್ತಾಗತ್ತೆ?"

ವೆನಿಂಗಳಿಗೂ ಅದೇ ಆಸೆ ಆಯಿತು. ನಿಜ ಹೇಳಬೇಕೆಂದರೆ, ಒಂದು ಕ್ಷಣ ಆಸೆ ಆಗಿತ್ತು. ಆದರೆ ಮರುಕ್ಷಣವೇ ನಾಳೆಯ ಆಟದ ಅಂಗಳ ಕಣ್ಣ ಮುಂದೆ ಬಂತು. ಎಂಟು ಕೇರಿಯ ಜನ. ಒಂದರ ಮೇಲೊಂದು ಕಾಕ್ ಟಕ್ ಟಕ್ ಎಂದು ಮುರಿಯುತ್ತಿದೆ. ಎಲ್ಲರೂ ತಿರುಗಿ ನೋಡುತ್ತಿರುವುದು ಅಜ್ಜಿಯನ್ನು.

ಅವಳು ಡಬ್ಬಿಗಳನ್ನು ಎತ್ತಿಕೊಂಡು ಹೊರಟಳು.

ಅಜ್ಜಿ ಆಗತಾನೆ ಮನೆಗೆ ಬಂದು ಕೈ ತೊಳೆಯುತ್ತಿದ್ದಳು. ವೆನಿಂಗ್ ಬಾಗಿಲಲ್ಲೇ ನಿಂತು, ಉಸಿರು ಬಿಡದೆ, ಎಲ್ಲವನ್ನೂ ಹೇಳಿಬಿಟ್ಟಳು. ಬಾವುಟ, ಸೀಟು, ಕಂಬ, 'ಹ್ಞೂಂ', ಫ್ರೀಜರು, ಟಕ್. ಮುರಿದ ಕಾಕನ್ನು ಮುಂದೆ ಚಾಚಿದಳು.

ಅಜ್ಜಿ ಮಂಡಿ ಹಿಡಿದುಕೊಂಡು ಮೆಲ್ಲಗೆ ಮಣೆಯ ಮೇಲೆ ಕೂತಳು. ಮುರಿದ ಕಾಕನ್ನು ಇಸಕೊಂಡು ಬೆಳಕಿಗೆ ಹಿಡಿದಳು. ಅವಳ ಮುಖ ಅಷ್ಟು ಸಪ್ಪಗಾಗಿದ್ದನ್ನು ವೆನಿಂಗ್ ಎಂದೂ ನೋಡಿರಲಿಲ್ಲ. ಎರಡು ಏಟು ಹಾಕಿದ್ದರೆ ಇದಕ್ಕಿಂತ ಹಾಯೆನ್ನಿಸುತ್ತಿತ್ತು.

"ಸೀಟಿನ ಕೆಳಗೆ ಎಷ್ಟು ಹೊತ್ತು?"

"ಎರಡು ಗಂಟೆ."

"ಫ್ರೀಜರಲ್ಲಿ?"

"ಮೂರು ಗಂಟೆ."

"ಯಾವ ಕ್ಯಾಂಡಿ ಪಕ್ಕ?"

"ಡುರಿಯನ್."

ಅಜ್ಜಿ ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಮೂಗು ಹಿಂಡಿದಳು. "ಅಯ್ಯಯ್ಯಪ್ಪಾ! ಇದನ್ನ ಹೊಡೆಯೋಕ್ಕಿಂತ ಮುಂಚೇನೇ ಓಡಿಹೋಗ್ತಾರೆ ನಾಳೆ ಎದುರಿಗೆ ಆಡೋ ಏಳನೇ ಕೇರಿಯೋರು."

ವೆನಿಂಗ್ ಅಳುತ್ತಲೇ ನಕ್ಕುಬಿಟ್ಟಳು. ಅಜ್ಜಿ ನಗಲಿಲ್ಲ.

"ಮಧ್ಯಾಹ್ನಾನೇ ಹೇಳಿದ್ರೆ ನನ್ ಕೈಗೆ ನಾಲ್ಕು ಗಂಟೆ ಸಿಗ್ತಿತ್ತಲ್ಲೇ," ಎಂದಳು. ಬೈಗುಳ ಎಂದರೆ ಅಷ್ಟೇ. ಆಮೇಲೆ ಮೊಣಕೈವರೆಗೆ ತೋಳು ಮಡಚಿದಳು. "ಕೆಟಲ್‌ಗೆ ನೀರು ತುಂಬು. ಒಲೆ ಮಾತ್ರ ಈಗಲೇ ಹಚ್ಬೇಡ."

"ಯಾಕೆ? ಲೇಟಾಗಲ್ವಾ?"

"ಐಸಿಂದ ಎದ್ದು ಬಂದಿದಾವೆ. ಸೀದಾ ಹಬೆಗೆ ಹಿಡಿದ್ರೆ ಅಂಟು ಬಿಟ್ಕೊಂಡು ಗರಿ ಉದುರಿ ಕೈಗೆ ಬರತ್ತೆ. ಮೊದ್ಲು ಮುಚ್ಚಳ ಹಾಕಿ ಸುಮ್ನೆ ಇಡು. ಚಳಿ ಬಿಡ್ಲಿ."

ಕಾಯುವುದು ಎಷ್ಟು ಕಷ್ಟದ ಕೆಲಸ ಎಂದು ವೆನಿಂಗಳಿಗೆ ಆ ಸಂಜೆ ಗೊತ್ತಾಯಿತು. ಮಾಡುವುದಕ್ಕೆ ಏನೂ ಇರಲಿಲ್ಲ. ಅಜ್ಜಿ ನಡುನಡುವೆ ಡಬ್ಬಿಯ ಮೇಲೆ ಅಂಗೈ ಇಟ್ಟು, ಮಗುವಿನ ಹಣೆ ಮುಟ್ಟಿದಂತೆ ಮುಟ್ಟಿ, "ಇನ್ನೂ ಇಲ್ಲ" ಎನ್ನುತ್ತಿದ್ದಳು.

ಕೊನೆಗೆ, "ಈಗ ಹಚ್ಚು" ಎಂದಳು.

ಕೆಟಲಿನ ಮೂತಿಯಿಂದ ಹಬೆ ಬರತೊಡಗಿದಾಗ ಅಜ್ಜಿ ಡಬ್ಬಿಯ ಎರಡೂ ಕಡೆಯ ಮುಚ್ಚಳ ತೆಗೆದಳು. ಒಂದು ಬಾಯಿಯನ್ನು ಹಬೆಗೆ ಓರೆಯಾಗಿ ಹಿಡಿದಳು. ಇನ್ನೊಂದು ಬಾಯಿಯಿಂದ ತೆಳ್ಳಗೆ ಹಬೆ ಹೊರಬಂತು. ತುಟಿಯಲ್ಲೇ ಎಣಿಸಿದಳು. ಏಳು ಎಂದ ಕೂಡಲೇ ಸರಕ್ಕನೆ ಹಿಂದೆ ತೆಗೆದು ಮುಚ್ಚಳ ಹಾಕಿದಳು. ಮುದಿ ಕೈ ಒಂದಿಷ್ಟೂ ನಡುಗಲಿಲ್ಲ. ಎಂಟು ಆಗಲಿಲ್ಲ, ಆರೂ ಆಗಲಿಲ್ಲ.

"ಗರಿಗೆ ಬಾಯಾರಿಕೆ ತೀರ್ಬೇಕು, ಸ್ನಾನ ಆಗ್ಬಾರ್ದು. ಎರಡನೇದು ನೀನು ಹಿಡಿ."

"ನಾನಾ?"

"ಮತ್ಯಾರು, ಪೂಜೀನಾ?"

ವೆನಿಂಗ್ ಹಿಡಿದಳು. ಅಜ್ಜಿ ಎಣಿಸಿದಳು. ಏಳಕ್ಕೆ ವೆನಿಂಗ್ ಹಿಂದೆ ತೆಗೆದಳು. ಎರಡೂ ಡಬ್ಬಿಗಳು ಬೆಳಗಿನವರೆಗೆ ಬಾನಿಯ ಪಕ್ಕ ನೆಟ್ಟಗೆ ನಿಂತವು.

ಬೆಳಿಗ್ಗೆ ಮೈ ಮುದುಡುವಷ್ಟು ಚಳಿ. ಅಜ್ಜಿ ಎಲ್ಲ ಕಾಕ್‌ಗಳನ್ನೂ ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಒಂದೊಂದನ್ನೇ ಎತ್ತಿ ಗರಿಯ ಅಂಚನ್ನು ಮೇಲ್ದುಟಿಯ ಮೇಲೆ ಮೆಲ್ಲಗೆ ಎಳೆದಳು. ಒಂದು ಬಲಕ್ಕೆ, ಒಂದು ಎಡಕ್ಕೆ.

"ಬೆರಳಿಗೆ ಯಾಕೆ ಗೊತ್ತಾಗಲ್ಲ ಅಜ್ಜಿ?"

"ಬೆರಳು ಕೆಲಸ ಮಾಡಿ ಮಾಡಿ ಒರಟಾಗಿರತ್ತೆ. ತುಟಿ ಮೋಸ ಮಾಡಲ್ಲ. ತಗೋ, ಇದು ನೋಡು."

ವೆನಿಂಗಳ ತುಟಿಯ ಮೇಲೆ ಗರಿ ನುಣ್ಣಗೆ ಜಾರಿತು. ಎಳೆ ಬಾಳೆಲೆಯ ಹಾಗೆ.

"ಈಗ ಇದು."

ಇದು ಕೆರೆಯಿತು. ಪೊರಕೆ ಕಡ್ಡಿಯ ಹಾಗೆ ಒಣ ಒಣ. ವೆನಿಂಗ್ ಮತ್ತೆ ಮೊದಲನೆಯದನ್ನು ನೋಡಿದಳು, ಮತ್ತೆ ಎರಡನೆಯದನ್ನು. ಕಣ್ಣಿಗೆ ಎರಡೂ ಒಂದೇ ಥರ. ಇದನ್ನು ಅಜ್ಜಿ ಮೂವತ್ತೊಂದು ವರ್ಷ, ದಿನಕ್ಕೆ ಸಾವಿರಾರು ಗರಿಗೆ ಮಾಡಿದ್ದಾಳೆ ಎಂದು ನೆನೆದು ಅವಳಿಗೆ ಮೈ ಝುಮ್ಮೆಂದಿತು.

ಇಪ್ಪತ್ತಮೂರರಲ್ಲಿ ಹದಿನಾಲ್ಕು ಉಳಿದುಕೊಂಡಿದ್ದವು. ನಾಲ್ಕು ಕೆಟ್ಟಿದ್ದವು. ಐದು ಅನುಮಾನ. ಅನುಮಾನದವನ್ನು ಅಜ್ಜಿ ಬೇರೆ ಡಬ್ಬಿಗೆ ಹಾಕಿದಳು.

ಎಂಟು ಗಂಟೆಗೆ ಆಟದ ಅಂಗಳದಲ್ಲಿ ಜನವೋ ಜನ. ಎಂಡಾ ಚಿಕ್ಕಮ್ಮ ಮತ್ತು ಅವಳ ಜೊತೆಗಾತಿ ನಾಲ್ಕನೇ ಕೇರಿಯ ಕಡೆ. ಎದುರಿಗೆ ಏಳನೇ ಕೇರಿ. ಅಂಪೈರ್ ಪಾಕ್ ಹಾರ್ತೋನೊ, ವೆನಿಂಗಳ ಶಾಲೆಯ ಡ್ರಿಲ್ ಮೇಷ್ಟ್ರು. ಮರ್ಯಾದೆಗೆ ಎಲ್ಲರೂ 'ಪಾಕ್' ಎನ್ನುತ್ತಿದ್ದರು. ಅಜ್ಜಿ ಡಬ್ಬಿಗಳನ್ನು ಅವರ ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಹಾರ್ತೋನೊ, ಕೇಳಪ್ಪ. ಈ ಸಲ ಕಾಕ್ ಹದ ತಪ್ಪಿದೆ. ಬಿಸಿಲಿಗೂ ಸಿಕ್ಕಿದಾವೆ, ಐಸಿಗೂ ಸಿಕ್ಕಿದಾವೆ. ನಮ್ಮನೇಲೇ ಆದ ತಪ್ಪು. ಹದಿನಾಲ್ಕು ಚೆನ್ನಾಗಿವೆ, ಐದರ ಮೇಲೆ ನನಗೆ ಭರವಸೆ ಇಲ್ಲ. ಎರಡೂ ಕಡೆಯೋರಿಗೆ ಮೊದ್ಲೇ ಹೇಳ್ಬಿಡು."

ಹಿಂದಿನಿಂದ ಒಬ್ಬರು, "ಪಾಪ, ಅಜ್ಜಿ ಕೈಗೂ ವಯಸ್ಸಾಯ್ತು ಅಂತ ಕಾಣತ್ತೆ," ಎಂದರು.

ಅಜ್ಜಿ ಬೆಂಚಿನ ಮೇಲೆ ಹೋಗಿ ಕೂತಳು. ವೆನಿಂಗ್ ಆ ಮಾತು ಬಂದ ಕಡೆ ಸರಕ್ಕನೆ ತಿರುಗಿದಳು. ನಿನ್ನೆ ಏಳು ಎಣಿಸುವಾಗ ಆ ಕೈ ಎಷ್ಟು ಗಟ್ಟಿಯಾಗಿತ್ತು ಎಂದು ಇವರಿಗೇನು ಗೊತ್ತು?

"ಅಜ್ಜಿ ಕೈಗೆ ಏನೂ ಆಗಿಲ್ಲ!" ಅವಳ ಧ್ವನಿ ಕೀಚಲಾಗಿ ಬಂತು. "ಸ್ಕೂಟರ್ ಸೀಟಿನ ಕೆಳಗೆ ಹಾಕಿದ್ದು ನಾನು. ಫ್ರೀಜರಿಗೆ ಇಟ್ಟಿದ್ದೂ ನಾನೇ. ಹದಿನಾಲ್ಕು ಉಳಿಸಿದ್ದು ಅಜ್ಜಿ."

ಎಲ್ಲರೂ ಅವಳನ್ನೇ ನೋಡಿದರು. ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅಷ್ಟರಲ್ಲಿ ಗುಂಪಿನ ನಡುವಿನಿಂದ ಒಂದು ಕೈ ಮೇಲೆದ್ದಿತು. "ಸ್ಕೂಟರ್ ನಂದು," ಎಂದ ತಾರ್ನೊ ಚಿಕ್ಕಪ್ಪ, ತಲೆ ಕೆರೆಯುತ್ತ. ಆಮೇಲೆ ಪೂಜಿಯ ಕೈ. "ಫ್ರೀಜರ್ ನಮ್ದು." ಪೂಜಿಯ ಅಮ್ಮ ಹೌಹಾರಿ ಮಗಳ ಕಡೆ ತಿರುಗಿದರು.

ಪಾಕ್ ಹಾರ್ತೋನೊ ಕಾಕ್ ಒಂದನ್ನು ಎತ್ತಿ ಮೂಸಿದರು. "ಅದಕ್ಕೇ ಡುರಿಯನ್ ವಾಸನೆ!" ಅಂಗಳವೆಲ್ಲ ಘೊಳ್ಳೆಂದಿತು. "ಬಾ ಇಲ್ಲಿ, ವೆನಿಂಗ್. ಮೇಜಿನ ಹತ್ರ ನಿಂತ್ಕೋ. ಕಾಕ್ ಕೊಡೋ ಕೆಲಸ ಇವತ್ತು ನಿಂದು."

ಆಟ ಶುರುವಾಯಿತು. ಮೊದಲ ಸೆಟ್ ನಾಲ್ಕನೇ ಕೇರಿಗೆ, ಎರಡನೆಯದು ಏಳನೇ ಕೇರಿಗೆ. ಮೂರನೆಯದರಲ್ಲಿ ಒಬ್ಬರಿಗೊಬ್ಬರು ಬಿಟ್ಟುಕೊಡಲಿಲ್ಲ. ಹತ್ತೊಂಬತ್ತು, ಹತ್ತೊಂಬತ್ತು. ಆಗ ಎಂಡಾ ಚಿಕ್ಕಮ್ಮನ ಸ್ಮ್ಯಾಶಿಗೆ ಹದಿನಾಲ್ಕನೆಯ ಕಾಕ್ ಕೂಡ ಸವೆದು ಹೋಯಿತು.

ಪಾಕ್ ಹಾರ್ತೋನೊ ಮೇಜಿನ ಕಡೆ ಕೈ ಚಾಚಿದರು. "ಯಾವುದು?"

ಉಳಿದಿದ್ದು ಅನುಮಾನದ ಐದು. ವೆನಿಂಗ್ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಸೆರಗಿನ ತುದಿಯಿಂದ ಕನ್ನಡಕ ಒರೆಸುವುದರಲ್ಲಿ ಮುಳುಗಿಹೋಗಿದ್ದಳು.

ವೆನಿಂಗ್ ಮೊದಲನೆಯದನ್ನು ತುಟಿಗೆ ತಾಗಿಸಿದಳು. ಕೆರೆಯಿತು. ಎರಡನೆಯದು ನುಣ್ಣಗಿತ್ತು, ಆದರೆ ತಿರುಗಿಸಿದರೆ ಒಂದು ಕಡೆ ಕೆರೆಯಿತು. ಮೂರನೆಯದನ್ನು ಪೂರ್ತಿ ಒಂದು ಸುತ್ತು ತಿರುಗಿಸಿದಳು. ಯಾರೋ "ಬೇಗ ಬೇಗ" ಎಂದರು. ಅವಳು ಇನ್ನೊಂದು ಸುತ್ತು ತಿರುಗಿಸಿದಳು.

"ಇದು, ಸರ್. ಮಿಕ್ಕಿದ್ದು ಬೇಡ."

ಪಾಕ್ ಹಾರ್ತೋನೊ ಅದನ್ನು ತಿರುಗಿಸಿಯೂ ನೋಡದೆ ಅಂಗಳದೊಳಗೆ ಎಸೆದರು.

ಮೊದಲ ಪಾಯಿಂಟ್ ಏಳನೇ ಕೇರಿಗೆ ಹೋಯಿತು. ಇನ್ನೊಂದು ಸಿಕ್ಕರೆ ಪಂದ್ಯ ಅವರದು. ಮುಂದಿನ ಪಾಯಿಂಟಿಗೆ ಶುರುವಾದ ಆಟ ಮುಗಿಯಲೇ ಇಲ್ಲ. ಜನ ಒಂದೊಂದು ಏಟನ್ನೂ ಗಟ್ಟಿಯಾಗಿ ಎಣಿಸತೊಡಗಿದರು. ಇಪ್ಪತ್ತು, ಇಪ್ಪತ್ತೊಂದು. ಚಿಕ್ಕಮ್ಮ ನೆಲಕ್ಕೆ ಬಿದ್ದೆದ್ದು ಹೊಡೆದಳು. ಮೂವತ್ತು. ಪೂಜಿ ಕಿರುಚುತ್ತಿದ್ದಳು. ವೆನಿಂಗ್ ಚಿಕ್ಕಮ್ಮನನ್ನು ನೋಡುತ್ತಿರಲಿಲ್ಲ, ಏಳನೇ ಕೇರಿಯವರನ್ನೂ ನೋಡುತ್ತಿರಲಿಲ್ಲ. ಅವಳ ಕಣ್ಣು ಕಾಕ್ ಬಿಟ್ಟು ಅಲ್ಲಾಡಲಿಲ್ಲ. ಇಷ್ಟು ವರ್ಷ ಎಲ್ಲರೂ ಕೂಗುವಾಗ ಅಜ್ಜಿಯೊಬ್ಬಳೇ ಬೆಂಚಿನ ಮೇಲೆ ಸುಮ್ಮನೆ ಕೂತು ಏನನ್ನು ನೋಡುತ್ತಿರುತ್ತಾಳೆ ಎಂದು ಅವಳಿಗೆ ಆಗ ತಿಳಿಯಿತು.

ಮೂವತ್ತೇಳನೆಯ ಏಟಿಗೆ ಚಿಕ್ಕಮ್ಮ ಹೊಡೆದದ್ದು ನೆಟ್ಟಿಗೆ ತಾಗಿ ಈಚೆಗೇ ಬಿತ್ತು. ಏಳನೇ ಕೇರಿಯವರು ಕುಣಿಯತೊಡಗಿದರು. ನಾಲ್ಕನೇ ಕೇರಿಯವರು ತಲೆ ಮೇಲೆ ಕೈ ಹೊತ್ತರು.

ವೆನಿಂಗ್ ಓಡಿಹೋಗಿ ನೆಟ್ಟಿನ ಬುಡದಲ್ಲಿ ಬಿದ್ದಿದ್ದ ಕಾಕ್ ಎತ್ತಿಕೊಂಡಳು. ಒಂದೊಂದೇ ಗರಿ ಮುಟ್ಟಿ ಎಣಿಸಿದಳು.

"ಸೋತಿದೀವಿ ಕಣೇ! ಏನೇ ಹಲ್ಲು ಕಿರೀತಿದೀಯಾ?" ಎಂದಳು ಚಿಕ್ಕಮ್ಮ, ಬೆವರು ಒರೆಸಿಕೊಳ್ಳುತ್ತ.

ಅದು ವೆನಿಂಗಳಿಗೆ ಕೇಳಿಸಲೇ ಇಲ್ಲ. ಅವಳು ಜನರ ನಡುವೆ ನುಗ್ಗಿ ಬೆಂಚಿನ ಹತ್ತಿರ ಹೋಗಿ, ಅಂಗೈ ಬಿಚ್ಚಿ ತೋರಿಸಿದಳು.

"ಅಜ್ಜಿ, ಹದಿನಾರೂ ಇವೆ."

ಅಜ್ಜಿ ಕಾಕ್ ತೆಗೆದುಕೊಂಡು ತುಟಿಯ ಮೇಲೆ ಒಂದು ಸುತ್ತು ತಿರುಗಿಸಿದಳು. ಆಮೇಲೆ ಬೆಂಚಿನ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು, ಮೊಮ್ಮಗಳಿಗೆ ಕೂರಲು ಜಾಗ ಮಾಡಿಕೊಟ್ಟಳು.